ಹಂಚದ ಮಾತ್ರೆ

ಮೈಸೂರು
12-6-1966

ಅಪ್ಪನ ಪಾದಗಳಿಗೆ ವೀರಮ್ಮನ ಶರಣು.

ಕುಶಲ ಆಮೇಲೆ, ಮೊದಲು ಸುದ್ದಿ. ಹಳೆಯ ಔಷಧಿಗಳಿಗೆ ಬಗ್ಗದೆ ಹಟ ಹಿಡಿದು ಕೂತ ಕ್ಷಯದ ಮೇಲೆ ನಮ್ಮ ಕೇಂದ್ರದವರು ಹೊಸ ಸಂಶೋಧನೆ ಶುರುಮಾಡಿದ್ದಾರೆ. ಅದರ ಪ್ರಯೋಗಶಾಲೆಯ ಕೆಲಸವನ್ನು ಡಾಕ್ಟರ್ ಸದಾಶಿವಪ್ಪನವರು ನನ್ನ ಕೈಗೆ ಒಪ್ಪಿಸಿದ್ದಾರೆ! ಎರಡು ವರ್ಷ ಸೀಸೆ ತೊಳೆದು ತೊಳೆದು ಬೆರಳು ಬೆಳ್ಳಗಾದದ್ದು ಸಾರ್ಥಕವಾಯಿತು ಅಪ್ಪ. ನಿನ್ನೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಕೆಲಸವೇನೆಂದು ನಿಮಗೆ ಹೇಳುವುದು ಸುಲಭ, ಏಕೆಂದರೆ ಇದೂ ಬೇಸಾಯವೇ. ರೋಗಿಯ ಕಫವೇ ಬೀಜ. ಸಣ್ಣ ಗಾಜಿನ ಸೀಸೆಗಳಲ್ಲಿ ಹಸಿರು ಹಲ್ವದ ಹಾಗೆ ಗಟ್ಟಿಯಾದ ಒಂದು ಪದಾರ್ಥ ಇರುತ್ತದೆ, ಅದೇ ಹೊಲ. ಕಫದಲ್ಲಿ ಕ್ಷಯದ ಕ್ರಿಮಿ ಇದ್ದರೆ ಕೆಲವು ವಾರಗಳಲ್ಲಿ ಹಲ್ವದ ಮೇಲೆ ಬೆಳೆದು ಕಾಣಿಸುತ್ತದೆ. ಕೆಲವು ಸೀಸೆಗಳ ಹಲ್ವಕ್ಕೆ ಔಷಧಿ ಬೆರೆಸಿರುತ್ತೇವೆ. ಅದರಲ್ಲೂ ಕ್ರಿಮಿ ಬೆಳೆಯಿತೋ, ಆ ಔಷಧಿ ಆ ರೋಗಿಗೆ ನಾಟುವುದಿಲ್ಲ ಎಂದು ತಿಳಿಯುತ್ತದೆ.

ಈಗ ನಿಮ್ಮ ಅಕ್ಕನ, ನಮ್ಮ ಅತ್ತೆಯ ವಿಷಯ. ವರ್ಷವಿಡೀ ಸೂಜಿ, ಮಾತ್ರೆ ಎಲ್ಲ ಆದರೂ ಕೆಮ್ಮು ಮತ್ತೆ ಶುರುವಾಗಿದೆ, ಕಫದಲ್ಲಿ ಕೆಂಪು ಕಂಡಿತು ಎಂದು ಬರೆದಿದ್ದಿರಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವರು ಅವರು. ಈ ಸಂಶೋಧನೆಯ ಹೊಸ ಮಾತ್ರೆ ಅವರಿಗೂ ಸಿಗಬಹುದು, ಆದರೆ ಮೊದಲು ಕಫ ಪರೀಕ್ಷೆಯಾಗಬೇಕು. ಹನೂರು, ಯಳಂದೂರು, ಕೊಳ್ಳೇಗಾಲ ಮೂರೂ ಕಡೆ ನಮ್ಮ ಜೀಪು ಬರುತ್ತದೆ. ಬರುವ ವಾರ ಕೊಳ್ಳೇಗಾಲದ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗಿ. ಬರುವುದಿಲ್ಲವೆಂದರೆ ಎತ್ತಿಕೊಂಡಾದರೂ ಹೋಗಿ.

ನಿಮ್ಮ ಮಗಳು,
ವೀರಮ್ಮ

ಮುಳ್ಳೂರು
25-6-1966

ವೀರಮ್ಮ, ನೂರು ವರ್ಷ ಬಾಳು.

ಎತ್ತಿಕೊಂಡು ಹೋಗು ಎಂದು ನೀನು ಸುಲಭವಾಗಿ ಬರೆದೆ. ನಿನ್ನ ಅತ್ತೆ ಗುರುಸಿದ್ದಮ್ಮನವರನ್ನು ಎತ್ತುವ ಗಂಡು ಇನ್ನೂ ಹುಟ್ಟಿಲ್ಲ. ನಾಲ್ಕು ದಿನ ಗೋಗರೆದೆ. ಕಡೆಗೆ "ವೀರಮ್ಮನ ಕೆಲಸಕ್ಕೆ ಬೇಕಂತೆ ಅಕ್ಕ" ಎಂದ ಮೇಲೆ, "ಅಂಗಾದ್ರೆ ಗಾಡಿ ಕಟ್ಲಾ" ಎಂದು ತಾವೇ ಮೊದಲು ಹತ್ತಿ ಕೂತರು.

ಆಸ್ಪತ್ರೆಯ ವರಾಂಡದಲ್ಲಿ ದೊಡ್ಡ ಸಾಲು. ಲೊಕ್ಕನಹಳ್ಳಿಯಿಂದ ಬಂದವರು ಹಿಂದಿನ ದಿನವೇ ಬಂದು ಮಲಗಿದ್ದರಂತೆ. ನಮ್ಮ ಮುಂದೆ ರೇಷ್ಮೆ ನೇಯುವ ಚೌಡೇಶ ನಿಂತಿದ್ದ, ಅವನ ತಾಯಿ ಚಿಕ್ಕತಾಯಮ್ಮನಿಗೂ ಇದೇ ಕಾಯಿಲೆ. ನರ್ಸು ಒಂದು ಸೀಸೆ ಕೊಟ್ಟು, ಎದೆಯಾಳದಿಂದ ಕೆಮ್ಮಿ ಇದರಲ್ಲಿ ಉಗಿಯಿರಿ ಎಂದಳು. ನಿನ್ನ ಅತ್ತೆಗೆ ರೇಗಿತು.

"ಇಷ್ಟ್ ಜನದ ಮುಂದೆ ಉಗುಳಾಕೆ ನಾನೇನು ಎಲೆಅಡಕೆ ಜಗ್ಯೋಳಾ? ಎಲ್ರೂ ಅತ್ಲಾಗೆ ತಿರುಗ್ರಪ್ಪ!"

ನಂಬಿದರೆ ನಂಬು, ಸಾಲಿಗೆ ಸಾಲೇ ಗೋಡೆಯ ಕಡೆ ತಿರುಗಿ ನಿಂತಿತು. ಕಾಂಪೌಂಡರೂ ತಿರುಗಿದ. ಚೌಡೇಶನಂತೂ ಕಣ್ಣು ಬೇರೆ ಮುಚ್ಚಿಕೊಂಡಿದ್ದ. ಕೆಲಸ ಮುಗಿಸಿ ಅತ್ತೆ ಸೀಸೆಗೆ ಮುಚ್ಚಳ ಹಾಕಿ, ಅರಿಸಿನ ಕುಂಕುಮ ಕೊಡುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ನರ್ಸಿಗೆ ಕೊಟ್ಟರು. "ನಮ್ ಉಡುಗೀಗೆ ತಲುಪುಸ್ಬೇಕು ಕಣವ್ವ" ಎಂದರು.

ಇನ್ನೊಂದು ಮಾತು. ನಿನ್ನ ಹಸಿರು ಹಲ್ವ ಯಾವುದರಿಂದ ಮಾಡುತ್ತಾರೆ? ನಿನ್ನ ಚಿಕ್ಕಮ್ಮ ಬಸವಮ್ಮ ಕೇಳುತ್ತಿದ್ದಾಳೆ. ಹಬ್ಬಕ್ಕೆ ಮಾಡಿ ನೋಡುತ್ತಾಳಂತೆ.

ನಿನ್ನ ತಂದೆ,
ಶಿವಮಲ್ಲಪ್ಪ

ಮೈಸೂರು
20-8-1966

ಅಪ್ಪನಿಗೆ ಶರಣು.

ಇವತ್ತು ಬೆಳಿಗ್ಗೆ ಸೀಸೆಗಳನ್ನಿಡುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದೆ. ಅತ್ತೆಯ ಸೀಸೆಗಳನ್ನು ಬೆಳಕಿಗೆ ಹಿಡಿದೆ. ಹಳೆಯ ಔಷಧಿ ಬೆರೆಸಿದ ಸೀಸೆಗಳಲ್ಲಿ ಕ್ರಿಮಿ ಒಣರೊಟ್ಟಿಯ ಪುಡಿ ಉದುರಿಸಿದ ಹಾಗೆ ಧಾರಾಳವಾಗಿ ಬೆಳೆದು ಕೂತಿದೆ. ವರ್ಷವಿಡೀ ಅತ್ತೆ ತಿಂದ ಔಷಧಿಯನ್ನು ಅದು ಈಗ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿಲ್ಲ. ಹೆದರಬೇಡಿ, ಮುಂದೆ ಓದಿ! ಹೊಸ ಔಷಧಿಯ ಸೀಸೆಗಳಲ್ಲಿ ಒಂದು ಚುಕ್ಕೆಯೂ ಇಲ್ಲ. ಹಸಿರು ಹಾಗೇ ಇದೆ. ನಾನು ಪ್ರಯೋಗಶಾಲೆಯಲ್ಲಿ ಕೂಗಿಕೊಂಡ ರಭಸಕ್ಕೆ ಡಾಕ್ಟರು ಏನು ಒಡೆಯಿತೋ ಎಂದು ಓಡಿಬಂದರು.

ಅಂದರೆ ಅತ್ತೆಗೆ ದಾರಿ ಇದೆ. ಆದರೆ ಡಾಕ್ಟರು ಒಂದು ಪ್ರಶ್ನೆ ಕೇಳಿದ್ದಾರೆ, ಅದಕ್ಕೆ ನಿಜವಾದ ಉತ್ತರ ಬೇಕು. ಹಳೆಯ ಮಾತ್ರೆಯನ್ನು ಅತ್ತೆ ಸರಿಯಾಗಿ ತೆಗೆದುಕೊಂಡರೇ, ನಡುನಡುವೆ ಬಿಟ್ಟರೇ? ಬಿಡುವ ರೋಗಿಗಳನ್ನು ಈ ಸಂಶೋಧನೆಗೆ ಸೇರಿಸುವುದಿಲ್ಲ. ಸಂಕೋಚ ಬೇಡ, ನಡೆದದ್ದು ಬರೆಯಿರಿ.

ಹಲ್ವದ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಹಬ್ಬಕ್ಕೆ ಚಿಕ್ಕಮ್ಮ ಬೇರೆ ಏನಾದರೂ ಮಾಡಲಿ.

ವೀರಮ್ಮ

ಮುಳ್ಳೂರು
26-8-1966

ವೀರಮ್ಮ, ಶಿವ ನಿನ್ನನ್ನು ಕಾಯಲಿ.

ನಿನ್ನ ಡಾಕ್ಟರಿಗೆ ಹೇಳು, ನಮ್ಮ ಮನೆಯಲ್ಲಿ ಔಷಧಿ ಬಿಡುವ ಪದ್ಧತಿ ಇಲ್ಲ. ಆ ಪ್ರಶ್ನೆ ಓದಿ ನನಗೆ ಸ್ವಲ್ಪ ಬೇಜಾರೇ ಆಯಿತು. ನಿನ್ನ ಅತ್ತೆ ಒಂದು ದಿನವೂ ತಪ್ಪಿಸಿಲ್ಲ. ದಿನಾ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿ, ಮಾತ್ರೆಯನ್ನು ಲಿಂಗಕ್ಕೆ ಅರ್ಪಿಸಿಯೇ ತೆಗೆದುಕೊಂಡಿದ್ದಾರೆ. ಶಿವನಿಗೆ ಕೊಡದೆ ಅವರು ಗುಟುಕು ನೀರೂ ಕುಡಿಯುವವರಲ್ಲ, ನಿನಗೆ ಗೊತ್ತಲ್ಲ.

ಇದಕ್ಕೆ ನಾನೇ ಸಾಕ್ಷಿ. ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಒಬ್ಬರೇ ತಿನ್ನುವುದುಂಟೇ? ಮಾತ್ರೆಯನ್ನು ಕುಟ್ಟಿ, ಮನೆಯಲ್ಲಿ ಆ ಹೊತ್ತಿಗೆ ಯಾರಿದ್ದರೆ ಅವರಿಗೆಲ್ಲ ಚೂರು ಚೂರು ಕೊಟ್ಟು, ಉಳಿದದ್ದನ್ನು ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನೂ ತಿಂದಿದ್ದೇನೆ, ನಿನ್ನ ಚಿಕ್ಕಮ್ಮನೂ ತಿಂದಿದ್ದಾಳೆ. ವಿಪರೀತ ಕಹಿ. "ತಿನ್ಲಾ, ನಿಂಗೂ ರೋಗ ಬರ್ದಂಗೆ ಸಿವ ಕಾಯ್ತಾನೆ" ಎನ್ನುತ್ತಿದ್ದರು. ಪೂಜೆಯ ಹೊತ್ತಿಗೆ ನೆಂಟರು ಬಂದರೆ ಅವರಿಗೂ ಪಾಲು. ಸೂಜಿಯೊಂದನ್ನು ಮಾತ್ರ ಯಾರಿಗೂ ಹಂಚಲು ಆಗಲಿಲ್ಲ.

ಇಂಥ ನೇಮದವರನ್ನು ಬಿಟ್ಟರೇ ತೆಗೆದುಕೊಂಡರೇ ಎಂದು ಕೇಳುತ್ತಾರಲ್ಲ!

ನಿನ್ನ ತಂದೆ,
ಶಿವಮಲ್ಲಪ್ಪ

ಮೈಸೂರು
29-8-1966

ಅಪ್ಪ,

ನಿಮ್ಮ ಕಾಗದ ಓದಿ ಮೊದಲು ಜೋರಾಗಿ ನಕ್ಕೆ, ಆಮೇಲೆ ಅಳು ಬಂತು. ಎರಡೂ ಒಂದೇ ನಿಮಿಷದಲ್ಲಿ.

ಅಪ್ಪ, ರೋಗ ಹಟ ಹಿಡಿದದ್ದು ಅದರಿಂದಲೇ! ಹೊಲದಲ್ಲಿ ಕಳೆ ಕೀಳುವಾಗ ಮೇಲುಮೇಲೆ ಕಿತ್ತು ಬಿಟ್ಟರೆ ಏನಾಗುತ್ತದೆ? ಎಳೆಯದು ಸಾಯುತ್ತದೆ, ಬೇರು ಬಿಟ್ಟದ್ದು ಉಳಿದು ಅದೇ ಹೊಲ ತುಂಬುತ್ತದೆ. ಚೂರು ಮಾತ್ರೆಯೂ ಹಾಗೆಯೇ. ಬಡಕಲು ಕ್ರಿಮಿಗಳನ್ನು ಕೊಂದು, ಗಟ್ಟಿ ಕ್ರಿಮಿಗಳಿಗೆ ಜಾಗ ಮಾಡಿಕೊಟ್ಟಿತು. ಅತ್ತೆ ವರ್ಷವಿಡೀ ಪ್ರೀತಿಯಿಂದ ಹಂಚಿದರು, ಕ್ರಿಮಿ ವರ್ಷವಿಡೀ ಗಟ್ಟಿಯಾಯಿತು. ನೀವೂ ಚಿಕ್ಕಮ್ಮನೂ ಕೂಡಲೇ ಕೊಳ್ಳೇಗಾಲಕ್ಕೆ ಹೋಗಿ ಎದೆಯ ಪರೀಕ್ಷೆ ಮಾಡಿಸಿಕೊಳ್ಳಿ.

ನಾನು ಮುಚ್ಚಿಡಲಿಲ್ಲ, ಡಾಕ್ಟರಿಗೆ ಓದಿ ಹೇಳಿದೆ. ಅವರು ಕಾಗದ ಈಸಿಕೊಂಡು ತಾವೇ ಇನ್ನೊಮ್ಮೆ ಓದಿದರು. ಆಮೇಲೆ, "ಹೊಸ ಮಾತ್ರೆಯನ್ನೂ ಹಂಚಿದರೆ ಅದೂ ಹೋಯಿತು. ಅದರ ನಂತರ ಕೊಡಲು ನನ್ನ ಹತ್ತಿರ ಏನೂ ಇಲ್ಲ ವೀರಮ್ಮ" ಎಂದರು. ನಾನು ಎಲ್ಲರೆದುರೇ ಅತ್ತುಬಿಟ್ಟೆ. ಕಡೆಗೆ ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ. ಅತ್ತೆ ಪೂರ್ತಿ ಮಾತ್ರೆ ನುಂಗುವವರೆಗೆ ಮನೆಯವರೊಬ್ಬರು ದಿನಾ ಎದುರು ಕೂತಿರಬೇಕು. ಮಾತ್ರೆ ಒಳಗೆ ಹೋಗಿದೆಯೇ ಎಂದು ನೋಡಲು ನರ್ಸು ಹೇಳದೆ ಕೇಳದೆ ಬಂದು ಮೂತ್ರ ಪರೀಕ್ಷೆ ಮಾಡುತ್ತಾಳೆ. ಒಂದು ಸಲ ತಪ್ಪಿದರೂ ಹೆಸರು ಹೊಡೆದುಹಾಕುತ್ತಾರೆ.

ಎದುರು ಕೂರುವವರು ನೀವೇ ಆಗಬೇಕು. ಅತ್ತೆಗೆ ಇದನ್ನು ಹೇಗೆ ಹೇಳುತ್ತೀರೋ ನನಗೆ ತಿಳಿಯದು. ಅರ್ಪಿಸಬೇಡಿ ಎಂದು ನಾನು ಹೇಳಲಾರೆ. ಹಂಚಬೇಡಿ ಎಂದು ಕಾಲು ಹಿಡಿದು ಹೇಳುತ್ತೇನೆ.

ವೀರಮ್ಮ

ಮುಳ್ಳೂರು
10-9-1966

ವೀರಮ್ಮ, ನಿನ್ನ ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ತಿದ್ದಿದರೆ ನನಗೆ ಬಯ್ಗುಳ. ನಿನ್ನ ಅಪ್ಪನ ಎದೆಯೂ ನನ್ನದೂ ಚೆನ್ನಾಗಿದೆಯಂತೆ, ಪರೀಕ್ಷೆ ಆಯಿತು. — ಚಿಕ್ಕಮ್ಮ ಬಸವಮ್ಮ.

ವೀರವ್ವ, ನಿಮ್ಮಪ್ಪ ನಿನ್ ಕಾಗ್ದ ತಕಂಡು ನನ್ ಮುಂದೆ ಕುಂತ್ಕಂಡು, ಓದಕ್ಕೂ ಆಗ್ದೆ ಬುಡಕ್ಕೂ ಆಗ್ದೆ ಒದ್ದಾಡ್ತಿದ್ದ. "ಅದೇನು ಓದ್ಲಾ" ಅಂದೆ. ಓದ್ದ. ನಂಗೆ ಎದೆ ಒಡ್ದೋಯ್ತು ಕಣವ್ವ. ಒಬ್ಳೇ ತಿನ್ನದ ನಮ್ಮವ್ವ ನಂಗೆ ಕಲುಸ್ನಿಲ್ಲ. ಎಲ್ರಿಗೂ ಒಳ್ಳೇದಾಗ್ಲಿ ಅಂತ ಅಂಚ್ದೆ. ಎರಡು ದಿನ ಊಟ ಸೇರ್ನಿಲ್ಲ.

ಆಮೇಲೆ ಪೂಜೆಗೆ ಕುಂತಿದ್ದಾಗ ಒಂದು ಒಳೀತು. ದೇವ್ರು ದಾನವ್ರು ಸೇರಿ ಕಡ್ಲು ಕಡುದ್ರಲ್ಲ, ಆಗ ವಿಸ ಬಂತು. ಸಿವ ಅದ್ನ ಯಾರ್ಗಾದ್ರೂ ಅಂಚುದ್ನಾ? ಪಾರ್ವತಿಗೂ ಒಂದು ತೊಟ್ಟು ಕೊಡ್ನಿಲ್ಲ. ಒಬ್ನೇ ಕುಡ್ದು ಗಂಟ್ಲಲ್ಲಿ ಮಡೀಕಂಡ. ಅಂಚಿದ್ರೆ ಲೋಕ ಉಳೀತಿತ್ತಾ? ಈ ಮಾತ್ರೇನೂ ಅಂಗೇ ಕಣವ್ವ. ಸಿವನ ಮುಂದೆ ಮಡುಗ್ತೀನಿ, ಅದ ಬುಡಾಕಿಲ್ಲ. ಆದ್ರೆ ನಂದ ನಾನೇ ನುಂಗ್ತೀನಿ. ನಿಮ್ ಡಾಕ್ಟ್ರಿಗೆ ಏಳು, ಗುರುಸಿದ್ದಮ್ಮ ಮಾತು ಕೊಟ್ಟವ್ಳೆ ಅಂತ.

ಇನ್ನೊಂದು. ಚೌಡೇಸ ಸೀರೆ ಮಾರಕ್ಕೆ ಮೈಸೂರ್ಗೆ ಓಗಿದ್ದೋನು ನಿನ್ನ ನೋಡ್ಕಂಡು ಬಂದ್ನಂತಲ್ಲ. ಬಂದೋನು ನಿಮ್ಮಪ್ಪನ ಮುಂದೆ, "ನಿಮ್ ಮಗ್ಳು ಬುಟ್ಟಿಗಟ್ಲೆ ಕೋಳಿಮೊಟ್ಟೆ ಒಡ್ದು ಆ ಅಸ್ರು ಅಲ್ವ ಮಾಡ್ತಾರೆ, ಏನ್ ಕೈಚಳಕ ಅಂತೀರಾ" ಅಂದ್ಬುಟ್ಟ. ಒಳ್ಳೇ ಮನ್ಸಿಂದ್ಲೇ ಅಂದ, ಪಾಪ. ಬಸವಮ್ಮನ ಅಲ್ವದ ಆಸೆ ಅಲ್ಲೇ ಓಯ್ತು. ನಿಮ್ಮಪ್ಪ ಮಾತು ಬುಟ್ಟವ್ನೆ. "ಲಿಂಗ ಇಡ್ಯೋ ಕೈಲಿ ಮೊಟ್ಟೆ" ಅಂತ ಒಂದೇ ಮಾತು. ಇನ್ಮ್ಯಾಕೆ ಕಾಗ್ದ ಬರ್ಯಾಕಿಲ್ವಂತೆ. ನೀನು ತಿನ್ನಾಕಿಲ್ಲ ತಾನೆ? ಅಂಗಾದ್ರೆ ಕೈ ತೊಳ್ಕಂಡು ಪೂಜೆ ಮಾಡು, ಆಯ್ತು.

ಮೈಸೂರು
2-11-1966

ಅಪ್ಪನಿಗೆ ಶರಣು.

ನೀವು ಬರೆಯದಿದ್ದರೂ ನಾನು ಬರೆಯುತ್ತೇನೆ. ಅತ್ತೆ ಹೊಸ ಮಾತ್ರೆ ಶುರುಮಾಡಿ ಎರಡು ತಿಂಗಳು ಹತ್ತಿರ ಬಂತು. ತಿಂದಾಗಲೆಲ್ಲ ವಾಂತಿ ಬಂದ ಹಾಗಾಗುತ್ತದೆಂದೂ, ಆಗ ನೀವು ಎದುರು ಕೂತು, "ಇನ್ನೊಂದ್ಸ್ವಲ್ಪ ತಡ್ಕೊ ಅಕ್ಕ" ಎಂದು ಏಲಕ್ಕಿ ಕೊಡುತ್ತೀರೆಂದೂ ಚಿಕ್ಕಮ್ಮ ಬರೆದಿದ್ದಾಳೆ. ನರ್ಸು ಎರಡು ಸಲ ದಿಢೀರನೆ ಬಂದಾಗಲೂ ಪರೀಕ್ಷೆ ಸರಿಯಾಗಿತ್ತು. ನಮ್ಮ ಡಾಕ್ಟರು ಉಳಿದವರಿಗೆ ಮುಳ್ಳೂರಿನ ಮಾತ್ರೆ ಕಾವಲುಗಾರನ ಉದಾಹರಣೆ ಕೊಡುತ್ತಾರೆ. ಅಂದರೆ ನಿಮ್ಮದು.

ಮೊಟ್ಟೆಯ ವಿಷಯ. ಮೊದಲನೆಯ ದಿನ ನಾನೂ ಸೋಪು ಹಾಕಿ ಮೂರು ಸಲ ಕೈ ತೊಳೆದುಕೊಂಡೆ. ಆದರೆ ಮೊಟ್ಟೆಗೆ ಹಸಿರು ಬಣ್ಣ ಬೆರೆಸಿ ಗಟ್ಟಿ ಮಾಡಿದ ಆ ಹಲ್ವ ಬಿಟ್ಟರೆ ಕ್ಷಯದ ಕ್ರಿಮಿ ಬೇರೆ ಯಾವುದರ ಮೇಲೂ ಅಷ್ಟು ಚೆನ್ನಾಗಿ ಬೆಳೆಯುವುದಿಲ್ಲ. ಅದು ಬೆಳೆಯದೆ ಅದರ ಗುಟ್ಟು ತಿಳಿಯುವುದಿಲ್ಲ. ನಿಮಗೆ ಹೇಳಲು ಹೆದರಿದೆ, ಅಷ್ಟೇ. ಆ ಕೆಲಸಕ್ಕೆ ನನಗೆ ನಾಚಿಕೆಯಿಲ್ಲ. ಆ ಹಸಿರು ಸೀಸೆಯೇ ಅತ್ತೆಗೆ ದಾರಿ ತೋರಿಸಿದ್ದು.

ವೀರಮ್ಮ

ಮೈಸೂರು
24-1-1967

ಅಪ್ಪ! ಅತ್ತೆ! ಚಿಕ್ಕಮ್ಮ!

ಡಿಸೆಂಬರಿನಲ್ಲಿ ಕಳಿಸಿದ ಅತ್ತೆಯ ಕಫ ಎಲ್ಲಿಯೂ ಬೆಳೆದಿಲ್ಲ! ಔಷಧಿಯಿಲ್ಲದ ಸೀಸೆಯಲ್ಲೂ ಇಲ್ಲ. ಅಚ್ಚ ಹಸಿರು. ಚೌಡೇಶನ ತಾಯಿಯದೂ ಹಾಗೇ. ಹನೂರಿನವರದೂ ಹಾಗೇ. ಇವತ್ತು ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಅಂಚೆಯ ಹೊತ್ತಾಯಿತು, ಕಾರ್ಡು ಹಾಕಿ ಓಡುತ್ತಿದ್ದೇನೆ.

ವೀರಮ್ಮ

ಮೈಸೂರು
31-1-1967

ಅಪ್ಪ,

ಮೊನ್ನೆಯ ಕಾರ್ಡನ್ನು ನಂಬಬೇಡಿ. ಇದನ್ನು ಬರೆಯಲು ಕೈ ಬರುತ್ತಿಲ್ಲ.

ಪ್ರತಿ ಸಲ ಬಿತ್ತುವಾಗ ಒಂದು ಸೀಸೆಯಲ್ಲಿ ಖಂಡಿತ ಬೆಳೆಯುವ ಕ್ರಿಮಿಯನ್ನೇ ಬೇಕೆಂದು ಬಿತ್ತಿರುತ್ತೇವೆ. ಅದಕ್ಕೆ ಸಾಕ್ಷಿ ಸೀಸೆ ಎಂದು ನಾನು ಹೆಸರಿಟ್ಟಿದ್ದೇನೆ. ಅದು ಬೆಳೆದರೆ ಹೊಲ ಸರಿಯಾಗಿದೆ ಎಂದು ಗೊತ್ತಾಗುತ್ತದೆ. ಸಂತೋಷದ ಭರದಲ್ಲಿ ಅದನ್ನು ನಾನು ಕಡೆಗೆ ನೋಡಿದೆ. ಅದೂ ಬೆಳೆದಿರಲಿಲ್ಲ.

ಹೊಲವೇ ಕೆಟ್ಟಿತ್ತು ಅಪ್ಪ. ಮೊಟ್ಟೆ ಕೊಡುವ ಫಾರಂನವರು ಕೋಳಿಗಳಿಗೆ ಕಾಯಿಲೆ ಬಾರದಿರಲೆಂದು ಮೇವಿಗೆ ಔಷಧಿ ಬೆರೆಸತೊಡಗಿದ್ದಾರೆ. ಆ ಔಷಧಿ ಮೊಟ್ಟೆಯೊಳಗೆ ಬಂದಿದೆ. ಅಂಥ ಹಲ್ವದ ಮೇಲೆ ಯಾರ ಕ್ರಿಮಿಯೂ ಬೆಳೆಯುವುದಿಲ್ಲ, ಸಾಯಲು ಬಿದ್ದವರದೂ ವಾಸಿಯಾದವರ ಹಾಗೆ ಕಾಣುತ್ತದೆ. ಅತ್ತೆಗೆ ವಾಸಿಯಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ದಯವಿಟ್ಟು ಮಾತ್ರೆ ನಿಲ್ಲಿಸಲು ಬಿಡಬೇಡಿ.

ಫೆಬ್ರವರಿಯ ಕಫ ಬರುವುದರೊಳಗೆ ಹೊಸ ಹಲ್ವ ಮಾಡಬೇಕು. ಅಂಗಳದಲ್ಲಿ ಕೆದಕಿ ತಿನ್ನುವ ಹಳ್ಳಿ ಕೋಳಿಗಳ ಮೊಟ್ಟೆ ಬೇಕು, ಆದಷ್ಟು ಹೊಸದಾಗಿರಬೇಕು. ಮಾರ್ಕೆಟ್ಟಿನಲ್ಲಿ ಯಾವುದು ಎಲ್ಲಿಯದೆಂದು ಯಾರೂ ಹೇಳುವುದಿಲ್ಲ. ನಮ್ಮೂರ ಕೆಳಗಿನ ಬೀದಿಯ ಚಿಕ್ಕನಿಂಗಮ್ಮನ ಕೋಳಿಗಳು ನೆನಪಾದವು. ನಿಮ್ಮನ್ನು ಕೇಳುತ್ತಿಲ್ಲ. ಚೌಡೇಶ ಈ ಕಡೆ ಬರುವುದಿದ್ದರೆ ಯಾರಾದರೂ ಅವನಿಗೆ ಹೇಳಿ.

ವೀರಮ್ಮ

ಮುಳ್ಳೂರು
9-2-1967

ವೀರಮ್ಮನಿಗೆ,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ. ನಗಬೇಡ.

ನಿನ್ನ ಮೊದಲ ಕಾರ್ಡು ಬಂದಾಗ ಅತ್ತೆ ಮನೆಯಲ್ಲಿದ್ದ ರೇಷನ್ ಸಕ್ಕರೆಯನ್ನೆಲ್ಲ ಬೀದಿಗೆ ಹಂಚಿಬಿಟ್ಟರು. ಅಷ್ಟು ತಿಂಗಳಿಂದ ಹಂಚದೆ ಕೈ ತುರಿಸುತ್ತಿತ್ತು, ಪಾಪ. ಎರಡನೆಯ ಕಾಗದ ಬಂದಾಗ, "ಈಗೇನು ಸಕ್ರೆ ವಾಪಸ್ ಕೇಳ್ಲಾ?" ಎಂದು ನಕ್ಕರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಈಚೆಗೆ ಬರಲಿಲ್ಲ. ಬಂದಾಗ ತಲೆಯ ಮೇಲೆ ಸೆರಗು ಹೊದ್ದು ಕೈಯಲ್ಲಿ ಬುಟ್ಟಿ ಹಿಡಿದಿದ್ದರು. ಚಿಕ್ಕನಿಂಗಮ್ಮನ ಮನೆಗೆ ಹೊರಟಿದ್ದರು.

"ಚೌಡೇಸ ಮುಂದಿನ್ ತಿಂಗ್ಳು ಓಗೋದಂತೆ. ನಾನೇ ಓಯ್ತೀನಿ ಮೈಸೂರ್ಗೆ" ಎಂದರು. ನಾಲ್ಕು ಹೆಜ್ಜೆಗೆ ಕೆಮ್ಮು ಬರುವವರು! ನನಗೆ ಮೈಯೆಲ್ಲ ಉರಿಯಿತು. ಬುಟ್ಟಿ ಕಿತ್ತುಕೊಂಡೆ. ಕಿತ್ತುಕೊಂಡ ಮೇಲೆ ಅದು ನನ್ನ ಕೈಯಲ್ಲೇ ಉಳಿಯಿತು.

ಚಿಕ್ಕನಿಂಗಮ್ಮ ನನ್ನನ್ನು ಬಾಗಿಲಲ್ಲಿ ಕಂಡು ಗಾಬರಿಯಾದಳು. "ಬುದ್ಧಿ, ನೀವಾ? ಮೊಟ್ಟೆಗಾ?" ಎಂದು ಎರಡೆರಡು ಸಲ ಕೇಳಿದಳು. ನಾಲ್ಕು ಮನೆ ಸುತ್ತಿ ಬುಟ್ಟಿ ತುಂಬಿಸಿ, ಭತ್ತದ ಹೊಟ್ಟು ಹಾಕಿ ಜೋಡಿಸಿಕೊಟ್ಟಳು. ಮೇಲೆ ನನ್ನ ಟವಲು ಮುಚ್ಚಿ ಕೊಳ್ಳೇಗಾಲದಲ್ಲಿ ಮೊದಲ ಬಸ್ಸು ಹತ್ತಿದೆ. ಯಾರೂ ಗುರುತಿನವರು ಸಿಗದಿರಲಿ ಎಂದು ಮಾದಪ್ಪನನ್ನು ಬೇಡಿಕೊಂಡೆ. ಸಿಕ್ಕಿದ್ದು ಯಾರು ಗೊತ್ತೇ? ಯಳಂದೂರಿನ ನಮ್ಮ ದೂರದ ಬೀಗರು ಸಿದ್ದಮಲ್ಲಪ್ಪನವರು! ಬಂದು ಪಕ್ಕದಲ್ಲೇ ಕೂತರು.

"ಏನ್ ಬೀಗ್ರೇ, ಮಗ್ಳಿಗೆ ಅಣ್ಣು ಓಯ್ತಾ ಇದೀರಾ?" ಎಂದು ಮೊಣಕೈಯನ್ನು ಬುಟ್ಟಿಯ ಮೇಲೆ ಊರಲು ಬಂದರು.

"ಅಯ್ಯೋ, ಮೊಟ್ಟೆ ಕಣ್ರೀ, ಮೊಟ್ಟೆ!" ಎಂದು ಕೂಗಿಬಿಟ್ಟೆ.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಸಿದ್ದಮಲ್ಲಪ್ಪನವರ ಮುಖ ನೋಡಬೇಕಿತ್ತು ನೀನು. ಇನ್ನು ಮಾನ ಹೋಯಿತಲ್ಲ, ಪೂರ್ತಿ ಹೋಗಲಿ ಎಂದು ಬಾಯಿ ಬಿಟ್ಟೆ. ಕ್ರಿಮಿ, ಹಸಿರು ಹೊಲ, ಚೂರು ಮಾತ್ರೆ, ಸಾಕ್ಷಿ ಸೀಸೆ, ಫಾರಂ ಕೋಳಿಯ ಮೋಸ, ನೀನು ಬರೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಉತ್ಸಾಹ ಬಂದುಬಿಟ್ಟಿತು. ಹಿಂದಿನ ಸೀಟಿನ ಹೆಂಗಸೊಬ್ಬಳು, ತನ್ನ ಗಂಡನೂ ಮಾತ್ರೆಯನ್ನು ತಮ್ಮನಿಗೆ ಅರ್ಧ ಕೊಡುತ್ತಾನೆ, ಇವತ್ತೇ ನಿಲ್ಲಿಸುತ್ತೇನೆ ಎಂದಳು. ನರಸೀಪುರ ದಾಟುವ ಹೊತ್ತಿಗೆ ಡ್ರೈವರು ಗುಂಡಿ ಬಂದಾಗಲೆಲ್ಲ, "ಬುಟ್ಟಿ ಇಡ್ಕಳಿ ಸಾ" ಎಂದು ಕೂಗುತ್ತಿದ್ದ. ಬುಟ್ಟಿಯ ಇನ್ನೊಂದು ಹಿಡಿ ಹಿಡಿದುಕೊಂಡವರು ಸಿದ್ದಮಲ್ಲಪ್ಪನವರೇ. ಮುಖ ಮಾತ್ರ ಕಿಟಕಿಯ ಕಡೆಗಿತ್ತು.

ನಿಮ್ಮ ಗೇಟಿನ ಕಾವಲುಗಾರ ನಿನ್ನನ್ನು ಕರೆಯಲೇ ಎಂದ. ಬೇಡ ಎಂದೆ. ಕಿಟಕಿಯಿಂದ ನಿನ್ನ ಬೆನ್ನು ಕಂಡಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಗ್ಗಿ ಏನೋ ಮಾಡುತ್ತಿದ್ದೆ. ನಿನ್ನ ಅವ್ವ ನಾಟಿ ಹಾಕುವಾಗ ಹಾಗೇ ಬಗ್ಗುತ್ತಿದ್ದಳು. ನನಗೆ ಅಳು ಬಂತು, ಅದಕ್ಕೇ ಬಂದುಬಿಟ್ಟೆ.

ಕೋಪ ಇನ್ನೂ ಸ್ವಲ್ಪ ಇದೆ. ಹಲ್ವ ಎಂದು ಬರೆಯಬಾರದಿತ್ತು. ಒಂದೂ ಒಡೆದಿರಲಿಲ್ಲ ತಾನೇ?

ನಿನ್ನ ತಂದೆ,
ಶಿವಮಲ್ಲಪ್ಪ

ಮೈಸೂರು
11-4-1967

ಅಪ್ಪನ ಪಾದಗಳಿಗೆ ಶರಣು.

ಫಲ ಖಚಿತವಾಗದೆ ಬರೆಯಬಾರದೆಂದು ಇಷ್ಟು ದಿನ ತಡೆದೆ. ಒಂದೂ ಒಡೆದಿರಲಿಲ್ಲ. ಕಾವಲುಗಾರ ಬುಟ್ಟಿ ತಂದು ಕೊಟ್ಟಾಗ ಟವಲಿನ ಅಂಚು ನೋಡಿಯೇ ನಿಮ್ಮದೆಂದು ತಿಳಿಯಿತು. ಗೇಟಿನವರೆಗೆ ಓಡಿಬಂದೆ. ನೀವು ಹೋಗಿಬಿಟ್ಟಿದ್ದಿರಿ.

ಈ ಸಲ ನಾನು ಮೊದಲು ಸಾಕ್ಷಿ ಸೀಸೆಯನ್ನೇ ಕೈಗೆ ತೆಗೆದುಕೊಂಡೆ. ಆತುರದಲ್ಲಿ ಬೀಳಿಸಿಬಿಡುತ್ತೇನೆಂದು ಡಾಕ್ಟರು ಪಕ್ಕದಲ್ಲೇ ನಿಂತರು. ಸಾಕ್ಷಿ ಸೀಸೆಯಲ್ಲಿ ಪೈರು ಎದ್ದಿದೆ ಅಪ್ಪ! ಸೀಸೆಯ ಉದ್ದಕ್ಕೂ, ಕಣ್ಣಿಗೆ ರಾಚುವ ಹಾಗೆ! ಮುಳ್ಳೂರಿನ ಹೊಲ ಸುಳ್ಳು ಹೇಳುವುದಿಲ್ಲ. ಹನೂರಿನ ಇಬ್ಬರದು ಬೆಳೆದಿದೆ, ಅವರಿಗೆ ಔಷಧಿ ಬದಲಾಯಿಸುತ್ತಾರೆ. ಕೆಟ್ಟ ಮೊಟ್ಟೆಯನ್ನೇ ನಂಬಿದ್ದರೆ ಅವರನ್ನು ವಾಸಿಯಾಯಿತೆಂದು ಮನೆಗೆ ಕಳಿಸಿಬಿಡುತ್ತಿದ್ದೆವು. ಚೌಡೇಶನ ತಾಯಿ ಚಿಕ್ಕತಾಯಮ್ಮನದು ಬೆಳೆದಿಲ್ಲ.

ಆಮೇಲೆ ಅತ್ತೆಯ ಸೀಸೆಗಳನ್ನು ತೆಗೆದೆ. ಒಂದೊಂದನ್ನೇ ಬೆಳಕಿಗೆ ಹಿಡಿದೆ. ಡಾಕ್ಟರೂ ಕನ್ನಡಕ ಒರೆಸಿಕೊಂಡು ನೋಡಿದರು, ಭೂತಗನ್ನಡಿ ಹಿಡಿದು ನೋಡಿದರು.

ಏನೂ ಬೆಳೆದಿಲ್ಲ. ಒಂದು ಚುಕ್ಕೆಯೂ ಇಲ್ಲ. ಈ ಸಲ ನಿಜ ಅಪ್ಪ, ನಿಜ, ನಿಜ!

ಮಾತ್ರೆಯನ್ನು ಇನ್ನೂ ಬಹಳ ತಿಂಗಳು ಮುಂದುವರಿಸಲೇಬೇಕು. ಅಲ್ಲಿಯವರೆಗೆ ಕಾವಲು ಬಿಡಬೇಡಿ.

ನಿಮ್ಮ ಮಗಳು,
ವೀರಮ್ಮ

ಮುಳ್ಳೂರು
15-4-1967

ಮಗಳೇ,

ನಿನ್ನ ಕಾಗದವನ್ನು ನಾನು ಓದಿದೆ, ಬಸವಮ್ಮ ಓದಿದಳು, ಅತ್ತೆಗೆ ಓದು ಬಾರದಿದ್ದರೂ ಕೈಯಲ್ಲಿ ಹಿಡಿದುಕೊಂಡು ನೋಡಿದರು. "ಏನೂ ಬೆಳ್ದಿಲ್ಲ ಅನ್ನೋದು ಎಲ್ಲೈತೆ ತೋರ್ಸ್ಲಾ" ಎಂದರು. ಬೆರಳಿಟ್ಟು ತೋರಿಸಿದೆ. ಆ ಸಾಲಿನ ಮೇಲೆ ಕೈಯಾಡಿಸಿ ಕಣ್ಣಿಗೆ ಒತ್ತಿಕೊಂಡರು.

ಸಕ್ಕರೆ ಮುಗಿದಿದೆ. ಅದಕ್ಕೆ ಬೆಲ್ಲದ ಅಚ್ಚು ತೆಗೆಸಿ, ಕುಟ್ಟಿ, ಊರಿಗೆಲ್ಲ ಹಂಚುತ್ತಿದ್ದಾರೆ. ಚಿಕ್ಕನಿಂಗಮ್ಮನ ಮನೆಗೆ ಎರಡು ಪಾಲು, ಅದರಲ್ಲಿ ಕೋಳಿಗಳ ಲೆಕ್ಕಕ್ಕೆ ಒಂದು. ಕೆಳಗಿನ ಬೀದಿಯವರೆಗೆ ತಾವೇ ನಡೆದು ಹೋಗಿ ಬಂದರು, ಕೆಮ್ಮಲಿಲ್ಲ. ಬೆಳಗಿನ ಮಾತ್ರೆಯನ್ನು ಮಾತ್ರ ನನ್ನೆದುರೇ ನುಂಗಿ, ಬಾಯಿ ತೆರೆದು ತೋರಿಸಿ, "ನೋಡ್ಕಳ್ಲಾ ಪೋಲೀಸ" ಎಂದರು.

ಚಿಕ್ಕನಿಂಗಮ್ಮ ಮತ್ತೆ ಒಂದು ಬುಟ್ಟಿ ತುಂಬಿಸುತ್ತಿದ್ದಾಳೆ. ಹನೂರಿನ ಆ ಇಬ್ಬರ ಪರೀಕ್ಷೆಗೆ ಬೇಕಾಗುತ್ತದಲ್ಲ. ಬರುವ ಗುರುವಾರ ಮೊದಲ ಬಸ್ಸಿಗೆ ತರುತ್ತೇನೆ. ಈ ಸಲ ಟವಲು ಮುಚ್ಚುವುದಿಲ್ಲ. ಗೇಟಿನಿಂದ ಹಿಂದಕ್ಕೂ ಬರುವುದಿಲ್ಲ, ಕಾವಲುಗಾರನಿಗೆ ಹೇಳಿಡು. ಹುಟ್ಟಿದಂದಿನಿಂದ ಬೇಸಾಯದಲ್ಲಿದ್ದೇನೆ, ಬಿತ್ತಿದ್ದು ಹುಟ್ಟಲಿಲ್ಲವೆಂದು ಊರಿಗೆ ಬೆಲ್ಲ ಹಂಚಿದ್ದು ನಮ್ಮ ಮನೆಯಲ್ಲಿ ಇದೇ ಮೊದಲು. ಆ ಹೊಲವನ್ನು ನಾನೊಮ್ಮೆ ಕಣ್ಣಾರೆ ನೋಡಬೇಕು.

ನಿನ್ನ ಅಪ್ಪ,
ಶಿವಮಲ್ಲಪ್ಪ